ಬಕ್ಕೇಶಪ್ಪನವರ ಮಂಡಕ್ಕಿ ಡಿಪೋ

ದಾವಣಗೆರೆಯ ಹಳೇಪೇಟೆಯಲ್ಲಿ ಬಕ್ಕೇಶಪ್ಪನವರ ಮನೆ ಕೇಳಿದರೆ ಯಾರೂ ಮನೆ ನಂಬರ್ ಹೇಳುವುದಿಲ್ಲ. "ಅಂಟಾರ್ಕ್ಟಿಕಾಕ್ಕೆ ಮಂಡಕ್ಕಿ ಹೊತ್ಕೊಂಡು ಹೋಗಿದ್ರಲ್ಲ, ಅವರದಾ?" ಎನ್ನುತ್ತಾರೆ.

ಆ ಮಾತು ನಿಜವೇ. ಸೈನ್ಯದಲ್ಲಿ ಡೀಸೆಲ್ ಮೆಕ್ಯಾನಿಕ್ ಆಗಿದ್ದ ಬಕ್ಕೇಶಪ್ಪ ೧೯೮೬ರ ಕೊನೆಗೆ ಗೋವಾದಲ್ಲಿ ಹಡಗು ಹತ್ತಿದರು. ಹಿಮದಡಿ ಮೆಲ್ಲಗೆ ಹೂತುಹೋಗುತ್ತಿದ್ದ ಭಾರತದ ಸಂಶೋಧನಾ ಠಾಣೆ ದಕ್ಷಿಣ ಗಂಗೋತ್ರಿಯಲ್ಲಿ ಜನರೇಟರ್ ನಿಲ್ಲದಂತೆ ನೋಡಿಕೊಳ್ಳುವುದು ಅವರ ಕೆಲಸ. ಸ್ವಂತ ಸಾಮಾನು ಇಷ್ಟೇ ಕೆಜಿ ಇರಬೇಕು ಎಂದು ಆದೇಶವಿತ್ತು. ಹಗುರವಲ್ಲವೇ ಎಂದು ಇವರು ಊರಿನ ಮಂಡಕ್ಕಿ ಭಟ್ಟಿಯಿಂದ ಒಂದು ಮೂಟೆಯನ್ನೇ ತಂದುಬಿಟ್ಟರು. ತೂಕಕ್ಕೇನೋ ಪಾಸಾಯಿತು. ಹಡಗಿನಲ್ಲಿ ಮಾತ್ರ ಹಾಸಿಗೆಯ ತುಂಬ ಮೂಟೆ ಮಲಗಿತು, ಇವರು ಕೂತೇ ನಿದ್ದೆ ಮಾಡಿದರು. ದಾವಣಗೆರೆಯವರಲ್ಲದೆ ಇಂಥ ತಪ್ಪು ಇನ್ಯಾರು ಮಾಡಿಯಾರು?

ಆದರೆ ಅಲ್ಲಿಯ ಒಣ ಚಳಿಗೆ ಮಂಡಕ್ಕಿ ಕೊನೆಯ ಹಿಡಿಯವರೆಗೂ ಗರಿಗರಿಯಾಗಿಯೇ ಉಳಿಯಿತು. ಸೂರ್ಯ ಮುಖ ತೋರಿಸದ ವಾರಗಳಲ್ಲಿ ಅದಕ್ಕೆ ಎಣ್ಣೆ, ಒಣಖಾರ ಕಲಸಿ, ಪಂಜಾಬಿನವರು, ಕೇರಳದವರು ಎಲ್ಲ ಒಂದೇ ಪಾತ್ರೆಗೆ ಕೈಹಾಕಿ ತಿನ್ನುವರು. ತಿನ್ನುತ್ತ ತಮಗಿಂತ ಮುಂಚೆ ಆ ಹಿಮದಲ್ಲಿ ನಡೆದವರ ಕಥೆ ಹೇಳಿಕೊಳ್ಳುವರು.

ಸೈನ್ಯದಿಂದ ಬಂದು ಹರಿಹರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿ ದಿನಾ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೆ ಆ ಕಥೆಗಳೂ ಜೊತೆಗೆ ಹತ್ತಿದವು. ಶಾಲೆಗೆ ರಜೆ ಇದ್ದ ದಿನ ಮಗಳು ನಯನಾ ಕಿಟಕಿ ಪಕ್ಕ ಕೂತು ಕೇಳುತ್ತಿದ್ದಳು.

"ಸ್ಕಾಟ್ ಅಂತ ಒಬ್ಬ ಇದ್ದ. ದಕ್ಷಿಣ ಧ್ರುವ ಮುಟ್ಟಿ ವಾಪಸ್ ಬರುವಾಗ ಡೇರೆಯೊಳಗೇ ಸತ್ತ. ಊಟ ಇಟ್ಟಿದ್ದ ಡಿಪೋ ಎಷ್ಟು ದೂರ ಇತ್ತು ಗೊತ್ತಾ? ಹದಿನೆಂಟು ಕಿಲೋಮೀಟರ್. ನಮ್ಮ ಮನೆಯಿಂದ ಹರಿಹರದ ಹೊಳೆ ದಾಟಿ ಒಂಚೂರು ಮುಂದೆ, ಅಷ್ಟೆ."

"ಬಸ್ ಇರ್ಲಿಲ್ವಾ ಅಪ್ಪಾಜಿ?"

ಹಿಂದಿನ ಸೀಟಿನವರೂ ನಕ್ಕರು. ಬಕ್ಕೇಶಪ್ಪ ನಗಲಿಲ್ಲ. "ಸಾಮಾನು ಎಳೆಯೋ ಕುದುರೆ ಸೋತ್ವು ಅಂತ ಆ ಡಿಪೋನ ಇಡಬೇಕಾದಲ್ಲಿ ಇಡ್ಲಿಲ್ಲ, ತಾಯಿ. ಹಿಂದೇನೇ ಇಟ್ಟು ಬಂದ್ರು. ಅವನಿಗಿಂತ ಮೊದಲು ಧ್ರುವ ಮುಟ್ಟಿದ ಅಮುಂಡ್ಸೆನ್ ನೋಡು, ಡಿಪೋದ ಎರಡೂ ಬದಿಗೆ ಸಾಲಾಗಿ ಬಾವುಟ ನೆಟ್ಟಿದ್ದ. ದಾರಿ ತಪ್ಪಿದ್ರೂ ಕಣ್ಣಿಗೆ ಬೀಳ್ಲಿ ಅಂತ."

ನಯನಾ ಈಗ ಒಂದೂವರೆ ವರ್ಷದ ಮಗಳ ತಾಯಿ. ಈ ಬೇಸಿಗೆಯ ಕೊನೆಗೆ ಅಪ್ಪಾಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ತಿಂಗಳೊಳಗೆ ಹೊರಗೆ ನಡೆದಾಡದಿದ್ದರೆ ಮುಂದೆ ಮಂಚವೇ ಗತಿ ಎಂದು ಡಾಕ್ಟರ್ ಹೇಳಿ ಕಳಿಸಿದರು. ಅಪ್ಪಾಜಿಯೋ, ವಾಕರ್ ಹಿಡಿದು ಹೊಸ್ತಿಲವರೆಗೆ ಬರುವರು, ಬೀದಿ ನೋಡುವರು, ಮತ್ತೆ ಹಾಸಿಗೆಗೆ ತಿರುಗುವರು.

"ಮೈನಸ್ ನಲವತ್ತರಲ್ಲಿ ಜನರೇಟರ್ ಬಿಚ್ಚಿದೋರು, ಜಗಲಿ ಇಳಿಯಾಕೆ ಹೆದ್ರುತ್ತೀರಾ?" ಎಂದಳು ನಯನಾ.

"ಅಲ್ಲಿ ಬಿದ್ರೆ ಮಂಜು ಮೆತ್ತಗಿತ್ತು. ಇಲ್ಲಿ ಕಾಂಕ್ರೀಟ್ ಐತೆ."

ಬೇಡಿಕೊಂಡು, ಬೈದು, ಅತ್ತು ಆದ ಮೇಲೆ ಒಂದು ಬೆಳಿಗ್ಗೆ ಅವಳು ಮೂರು ಸ್ಟೀಲ್ ಡಬ್ಬಿಗಳಿಗೆ ಒಗ್ಗರಣೆ ಮಂಡಕ್ಕಿ ತುಂಬಿದಳು. ಒಂದು ಜಗಲಿಯ ಕೆಳಗೆ, ಒಂದು ಬೀದಿಯ ನಡುವೆ ಹೂ ಮಾರುವ ದುರುಗಮ್ಮನ ಬುಟ್ಟಿ ಪಕ್ಕ, ಒಂದು ಬೀದಿಯ ಕೊನೆಗೆ ಗಾದಿ ಹೊಲಿಯುವ ಸುಗ್ರಾಬಿಯ ಕಟ್ಟೆ ಮೇಲೆ. ಮಗಳ ಹಳೇ ಕೆಂಪು ಫ್ರಾಕು ಹರಿದು ಪೊರಕೆ ಕಡ್ಡಿಗೆ ಕಟ್ಟಿ, ಪ್ರತಿ ಡಬ್ಬಿಯ ಎಡಬಲಕ್ಕೆ ಸಿಕ್ಕಿಸಿ ಬಂದಳು.

"ತಿಂಡಿ ಕೊಡು ತಾಯಿ," ಎಂದರು ಬಕ್ಕೇಶಪ್ಪ.

"ಅಡಿಗೆಮನೇಲಿಲ್ಲ. ಡಿಪೋದಲ್ಲೈತೆ."

ಅವರು ಹೊಸ್ತಿಲಲ್ಲಿ ನಿಂತು ಬಾವುಟಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಟ್ಟಿಲು ಇಳಿದರು.

ಮೊದಲ ಡಬ್ಬಿ ಅವತ್ತೇ ಖಾಲಿಯಾಯಿತು. ನಯನಾ ದಿನಾ ಬೆಳಿಗ್ಗೆ ಡಬ್ಬಿಗಳಿಗೆ ಹೊಸ ಮಂಡಕ್ಕಿ ತುಂಬಿಟ್ಟು ಬರುವಳು. ದುರುಗಮ್ಮನ ಬುಟ್ಟಿ ಮುಟ್ಟಲು ಐದು ದಿನ ಹಿಡಿಯಿತು. ಒಂಬತ್ತನೆಯ ದಿನ ಜಿಟಿಜಿಟಿ ಮಳೆ ಬಿಟ್ಟ ಹೊತ್ತಿಗೆ, ಸುಗ್ರಾಬಿಯ ಕಟ್ಟೆ ಇನ್ನೇನು ಹತ್ತು ಹೆಜ್ಜೆ ಇರುವಾಗ ಅವರ ಕಾಲು ಮುಂದೆ ಬಾರದಾಯಿತು. ವಾಕರ್ ಹಿಡಿದು ನಿಂತೇ ಬಿಟ್ಟರು. ಮಗುವನ್ನು ಎತ್ತಿಕೊಂಡು ಹಿಂದೆ ಬರುತ್ತಿದ್ದ ನಯನಾ ಒಂದು ಕೈ ಮುಂದೆ ಚಾಚಿದಳು. ಡಬ್ಬಿ ದೂರ ಇಟ್ಟುಬಿಟ್ಟೆನೇನೋ ಎಂದು ಅವಳಿಗೆ ಅನಿಸಿತು.

ಸುಗ್ರಾಬಿ ಸೂಜಿಯನ್ನು ಗಾದಿಗೆ ಚುಚ್ಚಿ, ಡಬ್ಬಿ ಎತ್ತಿಕೊಂಡು ಎದ್ದಳು. "ಅಲ್ಲೇ ನಿಂದರ್ರಿ ಬಕ್ಕೇಶಣ್ಣ, ನಾನೇ ತರ್ತೀನಿ."

"ಬ್ಯಾಡವ್ವ, ಇದ್ದಲ್ಲೇ ಇಡು. ಡಿಪೋ ಎದ್ದು ಬಂದಿದ್ದು ಯಾವ ಕಥೆಯಲ್ಲೂ ಇಲ್ಲ."

ಅವಳು ಡಬ್ಬಿಯನ್ನು ಮತ್ತೆ ಬಾವುಟಗಳ ನಡುವೆ ಇಟ್ಟಳು. ಬಕ್ಕೇಶಪ್ಪ ಕೈ ಮುಂದೆ ಮಾಡಿದ್ದ ನಯನಾಳ ಕಡೆ ನೋಡಲೂ ಇಲ್ಲ. ವಾಕರ್ ಮುಂದಿಟ್ಟರು, ಕಾಲು ಎಳೆದರು. ಮತ್ತೆ ಇಟ್ಟರು. ಕಟ್ಟೆ ಹಿಡಿದು ಕೂತ ಮೇಲೆ ಮುಚ್ಚಳ ತೆಗೆದು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಅಗಿಯುವುದು ನಿಂತಿತು.

"ಮೆತ್ತಗಾಗೈತೆ. ಅಲ್ಲಿ ವರ್ಷ ಪೂರ್ತಿ ಗರಿಗರಿ ಇತ್ತು."

"ಹಂಗಾದ್ರೆ ಅಲ್ಲಿಗೇ ಹೋಗಿ ತಿನ್ರಿ," ಎಂದಳು ಸುಗ್ರಾಬಿ, ದಾರ ಪೋಣಿಸುತ್ತ.

ಬಕ್ಕೇಶಪ್ಪ ನಕ್ಕರು. ಆಪರೇಷನ್ ಆದಮೇಲೆ ಅವರು ನಕ್ಕಿದ್ದನ್ನು ನಯನಾ ಕೇಳಿದ್ದು ಅದೇ ಮೊದಲು. ಒಂದೇ ಪಾತ್ರೆಗೆ ಬೀಳುತ್ತಿದ್ದ ಆ ಕೈಗಳೆಲ್ಲ ನೆನಪಾದವೋ ಏನೋ, ಡಬ್ಬಿಯನ್ನು ಸುಗ್ರಾಬಿಯ ಕಡೆ ಸರಿಸಿದರು. ಮೊಮ್ಮಗಳ ಅಂಗೈಗೂ ನಾಲ್ಕು ಕಾಳು ಇಟ್ಟರು.

"ನಾಳೆ ಬಸ್ ಸ್ಟಾಪಿನ ಹತ್ರ ಇಡು, ತಾಯಿ," ಎಂದರು. "ಬಾವುಟ ಮರೀಬ್ಯಾಡ."