ಮರೆಯಾದರೂ ಉಳಿದ ತೂಕ

ಕುರುಗೋಡಿನ ಗೌಸಸಾಬರು ಮೊದಲಿಗೆ ತಕ್ಕಡಿ ರಿಪೇರಿಯವರು. ತಕ್ಕಡಿ ಹೋಗಿ ಕರೆಂಟಿನ ಕಾಟಾ ಬಂದಾಗ ಅದನ್ನೂ ಬಿಚ್ಚಿ ನೋಡಿದರು. ಕಾಟಾಕ್ಕೆ ಕಂಪ್ಯೂಟರ್ ಜೋಡಿಸುವ ಕಾಲ ಬಂದಾಗ ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಹಳೆಯದೊಂದನ್ನು ಕೊಂಡು ತಂದು, ಪ್ರೋಗ್ರಾಮ್ ಬರೆಯುವುದನ್ನು ಒಬ್ಬರೇ ಕಲಿತರು. ಯಾರ ಮುಂದೆಯೂ ಕೈಕಟ್ಟಿ ಕೂತು ಕಲಿತದ್ದಲ್ಲ ಎಂಬ ಹೆಮ್ಮೆ ಅವರಿಗಿತ್ತು. ಅದನ್ನು ಮುಚ್ಚಿಡುವ ಪೈಕಿಯೂ ಅವರಲ್ಲ.

ಸಿರುಗುಪ್ಪದ ವೀರಭದ್ರ ಸಾವ್ಕಾರರ ಅಕ್ಕಿ ಗಿರಣಿಯಲ್ಲಿ ಗಾಡಿ ತೂಗುವ ಕಾಟಾಕ್ಕೆ ಅವರದೇ ಪ್ರೋಗ್ರಾಮ್. ಭತ್ತ ತುಂಬಿದ ಗಾಡಿ ಕಾಟಾ ಹತ್ತಿದರೆ ಪರದೆಯ ಮೇಲೆ ಒಂದು ವಿಂಡೋ ತೆರೆದು ತೂಕ ತೋರಿಸುತ್ತದೆ. ಗಾಡಿ ಒಳಗೆ ಹೋಗಿ, ಭತ್ತ ಸುರಿದು, ಖಾಲಿಯಾಗಿ ಬಂದು ಮತ್ತೆ ಹತ್ತಬೇಕು. ಆಗ ಲೆಕ್ಕ ಮುಗಿಯುತ್ತದೆ. ಅಲ್ಲಿಯವರೆಗೆ ಆ ವಿಂಡೋ ಮುಚ್ಚಬಾರದು.

ಆ ಸುಗ್ಗಿಯಲ್ಲಿ ಕೆಂಚನಗುಡ್ಡದ ರೈತ ದುರುಗಪ್ಪನ ತುಂಬಿದ ಗಾಡಿಯ ತೂಕ ಪರದೆಯಿಂದ ಮಾಯವಾಯಿತು. ಅವನ ಭತ್ತ ಆಗಲೇ ರಾಶಿಯಲ್ಲಿ ಬೆರೆತಿತ್ತು. ಮತ್ತೆ ತೂಗೋಣವೆಂದರೆ ಯಾವುದನ್ನು ತೂಗುವುದು? ಸಾವ್ಕಾರರು ಅವನ ಬಾಯಿಮಾತಿನ ಮೇಲೆ ತೂಕ ಒಪ್ಪಿ ಕಳಿಸಿ, ಫೋನ್ ಹಿಡಿದರು.

“ಸಾಬ್ರೇ, ಇನ್ನೊಂದ್ಸಲ ಹಿಂಗಾತಂದ್ರ ನಿಮ್ಮ ಪ್ರೋಗ್ರಾಮ್ ತೆಗೆದು ಬ್ಯಾರೇದು ಹಾಕಸ್ತೀನಿ. ರೈತರ ನಂಬಿಕಿ ಹೋದ್ರ ಗಿರಣಿ ಇಟ್ಕೊಂಡು ಏನ್ ಮಾಡ್ಲಿ?”

ಗೌಸಸಾಬರು ಸಿರುಗುಪ್ಪದ ಬಸ್ಸು ಹತ್ತಿದರು. ತಪ್ಪು ತಮ್ಮದಲ್ಲವೆಂಬುದು ಅವರ ಖಾತ್ರಿ. ಕೀಲಿ ಒತ್ತಿದರೆ, ಮೌಸ್ ಅಲುಗಿದರೆ, ವಿಂಡೋ ಮುಚ್ಚುವ ಮೂಲೆಯ ಕತ್ತರಿ ಗುರುತಿಗೆ ಯಾರಾದರೂ ಕೈ ಹಾಕಿದರೆ, ಕಂಪ್ಯೂಟರು ಪ್ರತಿಯೊಂದನ್ನೂ ಪ್ರೋಗ್ರಾಮಿಗೆ ವರದಿ ಒಪ್ಪಿಸುತ್ತದೆ. ಕತ್ತರಿ ಒತ್ತಿದ ವರದಿ ಬಂದಾಗ “ತೂಕ ಉಳಿಸಬೇಕೇ?” ಎಂದು ಕೇಳುವಂತೆ ಅವರು ಬರೆದಿದ್ದರು. ಸುಮ್ಮನೆ ಎಂಟರ್ ಹೊಡೆದರೆ ಅದು ‘ಬೇಡ’ ಎಂದು ತಿಳಿಯುತ್ತಿತ್ತು.

ಕಾಟಾದ ಕೋಣೆಯಲ್ಲಿ ತೂಕ ಹಿಡಿಯುವ ಉಚ್ಚೆಂಗೆಪ್ಪ ಕೂತಿದ್ದ.

“ಏನಲೇ, ಕೇಳಿದ್ದನ್ನ ಓದಿ ಉತ್ತರ ಕೊಡಾಕ ಬರಂಗಿಲ್ಲೇನು?”

“ಓದ್ಕೊಂತ ಕುಂತ್ರ ಹಿಂದಿನ ಲಾರಿಯವ್ರು ಹಾರ್ನ್ ಹೊಡದು ಕಿವಿ ಕಿತ್ತಾಕ್ತಾರ. ನೀವು ಕೇಳ್ತೀರಿ, ನಾ ಒತ್ತತೀನಿ.”

“ಮುಚ್ಚೋದಾದ್ರೂ ಯಾಕ? ತೆರದಿದ್ರ ನಿನ್ನ ಗಂಟೇನ್ ಹೋಗ್ತೈತಿ?”

“ಕುಂದರ್ರಿ, ನಿಮಗ ಗೊತ್ತಾಗ್ತೈತಿ.”

ಟ್ರ್ಯಾಕ್ಟರ್ ಒಂದು ಹತ್ತಿತು. ರೈತ ಕೋಣೆಯೊಳಕ್ಕೆ ಕತ್ತು ಹಾಕಿ ತನ್ನ ತೂಕ ನೋಡಿಕೊಂಡು ಹೋದ. ಹಿಂದೆಯೇ ದಲ್ಲಾಳಿಯೊಬ್ಬ ಅದೇ ಜಾಗದಲ್ಲಿ ಇಣುಕಿದ. ಉಚ್ಚೆಂಗೆಪ್ಪನ ಕೈ ಆಗಲೇ ಕತ್ತರಿ ಗುರುತನ್ನು ಒತ್ತಿ ಎಂಟರಿನತ್ತ ಹೊರಟಿತ್ತು. ಗೌಸಸಾಬರು ಆ ಕೈ ಹಿಡಿದರು.

“ಬಿಡ್ರಿ ಸಾಬ್ರೇ! ಒಬ್ಬರ ಮಾಲು ಇನ್ನೊಬ್ಬರ ಕಣ್ಣಿಗೆ ಬೀಳಬಾರ್ದು. ನಮ್ಮಪ್ಪ ಇಲ್ಲಿ ಕುಂತಾಗ ಬರೆದ ಚೀಟಿ ಮ್ಯಾಲೆ ಟವಲ್ ಹಾಕ್ತಿದ್ದ. ನಾ ಯಾವ ಟವಲ್ ಹಾಕ್ಲಿ?”

ಗೌಸಸಾಬರು ಹೆಗಲ ಮೇಲಿನ ಟವಲ್ಲು ತೆಗೆದು ಪರದೆಯ ಮೇಲೆ ಇಳಿಬಿಟ್ಟರು. ದಲ್ಲಾಳಿ ನಕ್ಕ. “ಕಂಪ್ಯೂಟರಿಗೂ ಬುರ್ಖಾ ಹಾಕಿದ್ರೇನು ಸಾಬ್ರೇ?”

“ನಿನ್ನಂಥವ್ರು ಇಣುಕತಾರಲ್ಲ, ಅದಕ್ಕ.”

ಆ ಟ್ರ್ಯಾಕ್ಟರ್ ಖಾಲಿಯಾಗಿ ಬಂದು ಲೆಕ್ಕ ಮುಗಿಯುವವರೆಗೂ ಟವಲ್ಲು ಅಲ್ಲೇ ಇತ್ತು. ಊಟಕ್ಕೆ ಕಾಟಾ ನಿಂತಾಗ ಗೌಸಸಾಬರು ‘ತೂಕ ಉಳಿಸಬೇಕೇ?’ ಎಂಬ ಪ್ರಶ್ನೆಯನ್ನು ಪ್ರೋಗ್ರಾಮಿನಿಂದ ಕಿತ್ತುಹಾಕಿದರು. ಕತ್ತರಿ ಒತ್ತಿದ ವರದಿ ಬಂದರೆ ಇನ್ನು ಪ್ರೋಗ್ರಾಮ್ ಯಾರನ್ನೂ ಏನೂ ಕೇಳುವುದಿಲ್ಲ. ಮುಚ್ಚಲು ಒಪ್ಪದೆ, ತೂಕವನ್ನು ಒಳಗೆ ಇಟ್ಟುಕೊಂಡು, ವಿಂಡೋವನ್ನು ಬರೀ ಮರೆ ಮಾಡುತ್ತದೆ. ಗಾಡಿ ನಂಬರು ಹೊಡೆದರೆ ಅದು ಮತ್ತೆ ಬರುತ್ತದೆ.

ಮಧ್ಯಾಹ್ನ ದುರುಗಪ್ಪನ ಎರಡನೆಯ ಲೋಡು ಬಂತು. ತೂಕ ಬಿತ್ತು. ಹಿಂದಿನವನು ಇಣುಕುವಷ್ಟರಲ್ಲಿ ಉಚ್ಚೆಂಗೆಪ್ಪ ಕತ್ತರಿ ಒತ್ತಿದ. ಪರದೆ ಖಾಲಿಯಾಯಿತು.

“ಹೋತಲ್ಲೋ ಮತ್ತ!” ಎಂದ ದುರುಗಪ್ಪ. “ನಾ ಭತ್ತ ಇಳಸಂಗಿಲ್ಲ.”

“ಇಳಸು,” ಎಂದರು ಗೌಸಸಾಬರು. “ಸಿಗಲಿಲ್ಲಂದ್ರ ನಾನ ಪ್ರೋಗ್ರಾಮ್ ಕಿತ್ಕೊಂಡು ಕುರುಗೋಡಿಗೆ ಹೋಗ್ತೀನಿ.”

ಅನುಮಾನದಲ್ಲೇ ಒಳಗೆ ಹೋದ ದುರುಗಪ್ಪ ಖಾಲಿ ಗಾಡಿಯೊಂದಿಗೆ ಬಂದ. ಉಚ್ಚೆಂಗೆಪ್ಪ ನಂಬರು ಹೊಡೆದ. ತುಂಬಿದ ತೂಕ ಇದ್ದಂತೆಯೇ ಎದ್ದು ಬಂತು. ದುರುಗಪ್ಪ ಬಗ್ಗಿ ನೋಡಿ, ತಲೆಯಾಡಿಸಿ, ಚೀಟಿ ಇಸಕೊಂಡು ಹೋದ.

ಗೌಸಸಾಬರು ಪರದೆಯ ಪಕ್ಕದಲ್ಲಿದ್ದ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಅದರ ತುಂಬ ಭತ್ತದ ದೂಳು.