ಕದಲದ ಗಂಟು

ಮೆಟ್ಟೂರು ಅಣೆಕಟ್ಟು ಮುಗಿದ ಹೊಸತು. ಸೇಲಂನಲ್ಲಿ ನಮಗೆ ಭೌತಶಾಸ್ತ್ರ ಹೇಳುತ್ತಿದ್ದ ಮೇಷ್ಟರು, ನಮ್ಮ ಹಾಗೆಯೇ ಕನ್ನಡ ಮಾತಾಡುವ ನೇಯ್ಗೆಯ ಮನೆಯವರು. ಬೀದಿಯಲ್ಲಿ ಮಗ್ಗದ ಹಾಸುನೂಲನ್ನು ಉದ್ದಕ್ಕೆ ಚಾಚಿ ಬಿಗಿಯುವ ಹಗ್ಗವನ್ನೇ ತರಗತಿಗೆ ತಂದು, ಮೂರು ತುಂಡುಗಳನ್ನು ಒಂದೇ ಗಂಟಿಗೆ ಕಟ್ಟಿ, ಬಲಗಳನ್ನು ಕೂಡಿಸಲು ಕಲಿಸುತ್ತಿದ್ದರು. ಏನು ಕೇಳಿದರೂ ಒಂದೇ ಉತ್ತರ: "ಗಂಟು ನೋಡ್ಲಾ."

ಒಮ್ಮೆ ಶಾಲಾ ಇನ್‌ಸ್ಪೆಕ್ಟರು ಬಂದು, ಮಗ್ಗದ ಸಾಮಾನು ಶಾಲೆಗೆ ತರಕೂಡದೆಂದು ಗದರಿದರು. ಹೆಡ್‌ಮಾಸ್ಟರೂ ಹೌದೆಂದರು. ನೀವಿಬ್ಬರೂ ಎಳೆದು ಈ ಗಂಟು ಕದಲಿಸಿದರೆ ಹಗ್ಗ ಸುಡುತ್ತೇನೆಂದು ಹೇಳಿ, ಮೇಷ್ಟರು ಇಬ್ಬರಿಗೂ ಒಂದೊಂದು ತುದಿ ಕೊಟ್ಟು, ಎದುರುಬದುರು ಗೋಡೆಗಳ ಬಳಿ ನಿಲ್ಲಿಸಿದರು. ಮೂರನೆಯದನ್ನು ತಾವು ಅವರ ನಡುವೆ ಒಂದು ಪಕ್ಕಕ್ಕೆ ನಿಂತು ಹಿಡಿದು ಹಿಮ್ಮಡಿ ಊರಿದರು. ಅವರಿಬ್ಬರೂ ಎಳೆದು ಬೆವರಿದರು. ಗಂಟು ಕದಲಲಿಲ್ಲ.

ಮೇಷ್ಟರು ತಮಿಳು ಬಿಟ್ಟು, ನೇಯುವವರ ಮಕ್ಕಳಾದ ನಮ್ಮತ್ತ ತಿರುಗಿ, ಅವರಿಬ್ಬರಿಗೂ ತಿಳಿಯದ ಕನ್ನಡದಲ್ಲೇ ಹೇಳಿದರು: "ಇಬ್ರೂ ಬ್ಯಾರೆ ಬ್ಯಾರೆ ಕಡೀಕೆ ಎಳೀತಾವ್ರೆ ಕಣ್ರಲಾ. ಅದ್ಕೇ ನಾನೊಬ್ನೇ ಸಾಕು."