ಹೊಳೆನರಸೀಪುರದ ಜ್ವರದ ಪುಸ್ತಕ

ಬಸ್ಸಿಳಿದು ಹಾಸಿಗೆಯ ಸುರುಳಿ ಕೆಳಗಿಡುವಷ್ಟರಲ್ಲಿ ಹೆಂಗಸೊಬ್ಬಳು ನನ್ನ ಕೈಹಿಡಿದು ತನ್ನ ಕೂಸಿನ ಹೊಟ್ಟೆಗೆ ಒತ್ತಿದಳು. "ಗಡ್ಡೆ ಐತಾ ನೋಡಿ ಸಾ." ಮಲೇರಿಯಾದಿಂದ ಊದಿದ ಗುಲ್ಮಕ್ಕೆ ಇಲ್ಲಿ ಜ್ವರಗಡ್ಡೆ ಎನ್ನುತ್ತಾರೆ. ನಾನು ಡಾಕ್ಟರಲ್ಲ, ಜ್ವರದ ಸಂಶೋಧನೆಗೆ ಧಾರವಾಡದಿಂದ ಬಂದ ಗುಮಾಸ್ತ ಎಂದರೆ ಅವಳು ನಂಬಲಿಲ್ಲ. ನನ್ನ "ಇಲ್ರೀ" ಕೇಳಿ ನಕ್ಕಳು.

ನಮಗೆ ಧಾರವಾಡದಲ್ಲಿ ಕಟಕಟನೆ ಮುರಿಯುವ ರೊಟ್ಟಿ. ಇಲ್ಲಿ ಮುದ್ದೆ, ಅಗಿದರೆ ನಗುತ್ತಾರೆ. ಅದನ್ನು ನುಂಗಲು ತಿಂಗಳು ಹಿಡಿಯಿತು. ಸಂಶೋಧನೆ ನಡೆಸುವ ನಮ್ಮ ಡಾಕ್ಟರನ್ನು ನುಂಗಲು ಇಂದಿಗೂ ಆಗಿಲ್ಲ. ಊರ ಕೆಸರು ತುಳಿಯದ ಆ ಮಹಾನುಭಾವರು ಬಂಗಲೆಯ ಜಗಲಿಗೇ ಜನರನ್ನು ಕರೆಸಿ, ಸಂತೆಯ ದನ ನೋಡಿದಂತೆ ಮುಟ್ಟಿ ನೋಡುತ್ತಿದ್ದರು. ಅವರು ಹೇಳಿದ್ದನ್ನು ನಾನು ಹೆಸರು, ಬೀದಿ ಸಮೇತ ಪುಸ್ತಕದಲ್ಲಿ ಬರೆಯುತ್ತಿದ್ದೆ.

ನನಗೆ ಕೋಣೆ ಬಾಡಿಗೆಗೆ ಕೊಟ್ಟವರು ಪುಟ್ಟಮ್ಮ. ಅವರ ಮಗಳು ಗೌರಿ ಬಂಗಲೆಯ ಜಗಲಿಯಲ್ಲಿ ಒಂದು ಸಲ ಕೆಮ್ಮಿದಳು. ಅಷ್ಟಕ್ಕೇ ಡಾಕ್ಟರು "ಕ್ಷಯದ ಶಂಕೆ" ಎಂದು ಬರೆಸಿದರು. ಸಂಜೆ ಕಾಫಿ ಹೋಟೆಲಿನಲ್ಲಿ ಗೆಳೆಯರಿಗೆ ಪುಸ್ತಕ ಬಿಚ್ಚಿ ಓದಿ ತಮ್ಮ ಜಾಣತನ ಮೆರೆದರು. ವಾರದೊಳಗೆ, ಗೌರಿಯನ್ನು ಒಪ್ಪಿದ್ದ ಚನ್ನರಾಯಪಟ್ಟಣದ ಗಂಡಿನ ಕಡೆಯವರು ಸಂಬಂಧ ಮುರಿದರು.

"ನೀವೇ ತಾನೆ ಬರ್ದಿದ್ದು?" ಪುಟ್ಟಮ್ಮ ನನ್ನ ಬಾಗಿಲಲ್ಲಿ ನಿಂತು ಕೇಳಿದರು.

"ಡಾಕ್ಟರು ಹೇಳಿದ್ರು, ನಾ ಬರದೆರಿ."

"ಅವ್ರು ಏಳಿದ್ರೂ ಕೈ ನಿಮ್ದೇ ಅಲ್ವಾ ಸಾ?"

ಹಾಸನಕ್ಕೆ ಕರೆದೊಯ್ದು ಗೌರಿಯ ಕಫ ಪರೀಕ್ಷೆ ಮಾಡಿಸಿದೆವು. ಕ್ಷಯವಿರಲಿಲ್ಲ. ಆ ಕಾಗದ ತೋರಿಸಿದರೆ ಡಾಕ್ಟರು, "ಶಂಕೆ ಅಂತ ತಾನೆ ಬರೆಸಿದ್ದು?" ಎಂದು ಮೀಸೆ ತೀಡಿದರು. ಥೂ! ಇವರಿಗಿಂತ ನಮ್ಮೂರಿನ ಅಕ್ಷರ ಬಾರದ ಸೂಲಗಿತ್ತಿ ಮೇಲು. ಯಾರ ಮನೆಯ ಗುಟ್ಟನ್ನೂ ಅವಳು ಬಿಟ್ಟುಕೊಟ್ಟವಳಲ್ಲ.

ಅಂದಿನಿಂದ ಪುಸ್ತಕದಲ್ಲಿ ಬರೀ ನಂಬರು ಬರೆದೆ. ಯಾವ ನಂಬರು ಯಾರದೆಂಬ ಪಟ್ಟಿ ನನ್ನ ಪೆಟ್ಟಿಗೆಯಲ್ಲಿ, ಬೀಗದೊಳಗೆ. ಡಾಕ್ಟರು ರೇಗಿದರು. "ಹೆಸರು ಬೇಕಿದ್ದರೆ ನೀವೇ ಮನೆಮನೆಗೆ ಹೋಗಿ ಕೇಳಿ" ಎಂದೆ. ಕೆಸರಿಗೆ ಹೆದರಿ ಸುಮ್ಮನಾದರು.

ಮರುವರ್ಷ ಗೌರಿಗೆ ಅರಕಲಗೂಡಿನ ಕಡೆ ಮದುವೆಯಾಯಿತು. ಪುಟ್ಟಮ್ಮ ನನ್ನನ್ನೂ ಕರೆದರು. ಬಡಿಸಿದರು, ಮಾತಾಡಿಸಲಿಲ್ಲ. ಅವರಿಗೆ ನಾನಿನ್ನೂ ಬಡಗಲ ಸೀಮೆಯ ಗುಮಾಸ್ತನೇ.

ಮೊನ್ನೆ ರಜೆಗೆ ಧಾರವಾಡಕ್ಕೆ ಹೋಗಿದ್ದಾಗ ಅಕ್ಕನ ಮುಂದೆ ಡಾಕ್ಟರನ್ನು ಮನಸಾರೆ ಬೈದೆ. "ಆ ಊರ ಮಂದೀನ ಹಂಗ, ಬಿಟ್ಟು ಬಾರೋ" ಎಂದಳು ಅಕ್ಕ.

"ಅಂಗನ್ಬ್ಯಾಡ ಕಣಕ್ಕಾ" ಎಂದುಬಿಟ್ಟೆ.

ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ, ಯಾರೋ ಪರವೂರಿನವನನ್ನು ನೋಡುವಂತೆ ಅಕ್ಕ ನನ್ನನ್ನು ನೋಡಿದಳು.